ಮೂಕಿ ಭಾರ

ಎತ್ತಿನ ಗಾಡಿ ಬಿಟ್ಟರೆ ಲೋಕದಲ್ಲಿ ಬೇರೆ ವಾಹನಗಳೂ ಇವೆ ಎಂಬುದು ನಮ್ಮ ಮಾವ ವೆಂಕಟೇಶಪ್ಪನವರಿಗೆ ಗೊತ್ತು. ಆದರೆ ಒಪ್ಪಿಗೆ ಇಲ್ಲ. ಅವರ ಮಗ, ಅಂದರೆ ನನ್ನ ಗಂಡ ಕುಮಾರೇಶ, ನಮ್ಮೂರು ತಳಿಯಿಂದ ಹೊಸೂರಿಗೆ ಜೀಪಿನಲ್ಲಿ ಜನ ಸಾಗಿಸುತ್ತಾನೆ. ಸಂಜೆ ಅವನು ಜೀಪು ತಂದು ನಿಲ್ಲಿಸಿದರೆ ಮಾವ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು, "ಬಿಸಿ ಆಗ್ಬುಟ್ಟೈತೆ, ಸ್ವಲ್ಪ ದಣಿವಾರಿಸ್ಕೊಳ್ಲಿ ಬುಡ್ಲಾ" ಎನ್ನುತ್ತಾರೆ. ಮನೆಯೊಳಗಿರುವ ಹೆಂಗಸರ ದಣಿವಿನ ಬಗ್ಗೆ ಅವರು ಯಾವತ್ತೂ ವಿಚಾರಿಸಿದ್ದಿಲ್ಲ. ನಮಗೆ ಬಾನೆಟ್ಟು ಇಲ್ಲವಲ್ಲ, ಎಲ್ಲಿ ಕೈಯಿಟ್ಟು ನೋಡುತ್ತಾರೆ ಪಾಪ.

ನಾನು ಭಾನು, ಈ ಮನೆಯ ಸೊಸೆ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ವೈರು ಜೋಡಿಸುತ್ತಿದ್ದೆ. ಅಲ್ಲಿ ಕರ್ನಾಟಕದಿಂದ ಬಂದ ಹುಡುಗರೇ ಬೇಕಾದಷ್ಟು. ಕ್ಯಾಂಟೀನಿನ ಅನ್ನ ಸಾಂಬಾರು ನೋಡಿದರೆ ಅವರ ಮುಖ ಬಾಡಿಹೋಗುತ್ತಿತ್ತು. ನಾನು ಡಬ್ಬಿಯಲ್ಲಿ ಮುದ್ದೆ, ಉಪ್ಸಾರು ಒಯ್ದ ದಿನ ನನ್ನ ಸುತ್ತ ನೊಣ ಮುತ್ತಿದ ಹಾಗೆ ಮುತ್ತುತ್ತಿದ್ದರು. ಕಾಂಟ್ರಾಕ್ಟ್ ಮುಗಿದ ಮೇಲೆ ಅತ್ತೆ ಪಿಳ್ಳಮ್ಮನೇ ಹೇಳಿದ್ದು: "ನಿನ್ನ ವೈರು ಮನೆ ಹಾಳಾಗ್ಲಿ, ನಾವಿಬ್ರೂ ಸೇರಿ ಮುದ್ದೆ ಮಾರಾಣ ಕಣಮ್ಮಿ. ಮುದ್ದೆ ತಿರುವಿ ತಿರುವಿಯೇ ನನ್ನ ಆಯಸ್ಸು ಮುಗೀತು, ಯಾರೂ ಒಂದು ದಿನ ಚೆನ್ನಾಗೈತೆ ಅನ್ನಲಿಲ್ಲ. ಅವ್ರಾದ್ರೂ ಅಂತಾರೇನೋ."

ಹಾಗೆ ಹುಟ್ಟಿದ್ದು ಟ್ರೇಲರು. ಬಾಗಲೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಜಗನ್ ಮಾಡಿಕೊಟ್ಟ. ಎರಡು ಚಕ್ರ, ಒಂದು ಪಕ್ಕಕ್ಕೆ ಎತ್ತಿ ನಿಲ್ಲಿಸುವ ಬಾಗಿಲು, ಒಳಗೆ ಒಲೆ, ಮುಂದೆ ಉದ್ದಕ್ಕೆ ಚಾಚಿದ ಕಬ್ಬಿಣದ ಮೂಕಿ. ಎತ್ತಿನ ಗಾಡಿಗೆ ನೊಗ ಕಟ್ಟುವ ಮೂಕಿ ಇರುತ್ತದಲ್ಲ, ಹಾಗೆಯೇ. ಅದರ ತುದಿಯನ್ನು ಜೀಪಿನ ಹಿಂದಿರುವ ಕೊಂಡಿಗೆ ಸಿಕ್ಕಿಸುವುದು. ಕೊಂಡಿ ಕಳಚಿದರೂ ಟ್ರೇಲರು ಓಡಿಹೋಗದಿರಲಿ ಎಂದು ಅಡಿಯಲ್ಲಿ ಎರಡು ಸರಪಳಿ. ಕೊಡುವಾಗ ಜಗನ್ ನನಗೆ ಒತ್ತಿ ಒತ್ತಿ ಹೇಳಿದ. "ಅಕ್ಕಾ, ವೆಯ್ಟು ಎಲ್ಲಾ ಚಕ್ರದಿಂದ ಮುಂದಕ್ಕೆ ಇಡಿ. ಹಿಂದ್ಕೆ ಹಾಕಿದ್ರೆ ಬಾಲ ಆಡ್ಸುತ್ತೆ. ಹಂಗೇನಾದ್ರೂ ಆಡ್ಸಿದ್ರೆ ಬ್ರೇಕು ಹಾಕ್ಬೇಡಿ, ತಾನಾಗೇ ನಿಧಾನ ಆಗ್ಲಿ ಬಿಡಿ."

ಫ್ಯಾಕ್ಟರಿ ಗೇಟಿನ ಪಕ್ಕ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿ ಸೆಕ್ಯುರಿಟಿ ನೋಡಿಕೊಳ್ಳುವ ಹನುಮಂತರಾಯಪ್ಪ ತುಮಕೂರಿನ ಕಡೆಯವರು, ಮುದ್ದೆಯ ಭಕ್ತರು. ಒಂದು ದಿನ ಬೆಳಿಗ್ಗೆ ಫೋನು ಮಾಡಿದರು. "ಇವತ್ತು ಎರಡನೇ ಶಿಫ್ಟಿನ ಸೈರನ್ ಆಗೋದ್ರೊಳಗೆ ಗಾಡಿ ತಂದು ನಿಲ್ಸಮ್ಮ. ಪರೋಟದವನೊಬ್ಬ ಕಣ್ಣು ಹಾಕವ್ನೆ. ಯಾರು ಮೊದಲು ನಿಲ್ಲಿಸ್ತಾರೋ ಜಾಗ ಅವ್ರದು. ಆಮೇಲೆ ನನ್ನ ಕೇಳ್ಬೇಡಿ."

ನಾನೂ ಅತ್ತೆಯೂ ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆವು. ಹೊರಗೆ ಮಾವ ಮಗನನ್ನು ಕೂಲಿಯವನ ಹಾಗೆ ಓಡಾಡಿಸುತ್ತ ಟ್ರೇಲರಿಗೆ ಸಾಮಾನು ತುಂಬಿಸುತ್ತಿದ್ದರು. ನಾನು ಬಂದು ನೋಡುತ್ತೇನೆ, ಗ್ರೈಂಡರು, ಗ್ಯಾಸ್ ಸಿಲಿಂಡರು, ರಾಗಿ ಹಿಟ್ಟಿನ ಮೂಟೆ, ತುಂಬಿದ ನೀರಿನ ಡ್ರಮ್ಮು ಎಲ್ಲವೂ ಹಿಂದಿನ ಮೂಲೆಯಲ್ಲಿ ಬಿಗಿಯಾಗಿ ಕೂತಿವೆ. ಮುಂದೆ ತಟ್ಟೆ ಲೋಟ. ಮಾವ ಮೂಕಿಯ ಕೆಳಗೆ ಎರಡು ಬೆರಳು ಕೊಟ್ಟು ಮೇಲೆತ್ತಿ ತೋರಿಸಿದರು.

"ನೋಡಮ್ಮಣ್ಣಿ, ಎರಡು ಬೆಳ್ಳಾಗೆ ಎದ್ದೇಳ್ತೈತೆ. ಮೂಕಿ ಅಂದ್ರೆ ಹಿಂಗಿರ್ಬೇಕು."

"ಮಾವ, ಭಾರ ಮುಂದಕ್ಕೆ ಇರ್ಬೇಕು ಅಂತ ಜಗನ್ ಹೇಳವ್ನೆ."

"ಅವ್ನು ಯಾವತ್ತು ಗಾಡಿ ಕಟ್ಟವ್ನೆ? ಭಾರ ಮುಂದಕ್ಕೆ ಬಂದ್ರೆ ಮೂಕಿ ಕತ್ತಿನ ಮೇಲೆ ಕೂತ್ಕೊಂತದೆ. ಕತ್ತು ನೋಯ್ತದೆ."

"ಯಾರ ಕತ್ತು ಮಾವ? ಜೀಪಿಗೆ ಕತ್ತೆಲ್ಲೈತೆ?"

ಮಾವ ಜೀಪಿನ ಹಿಂಭಾಗವನ್ನು ಪ್ರೀತಿಯಿಂದ ಒಂದು ಸಲ ಸವರಿದರು.

ಅವರ ಪ್ರಕಾರ ಅದರಲ್ಲಿ ತಪ್ಪಿಲ್ಲ. ಎತ್ತಿನ ಗಾಡಿಯಲ್ಲಿ ಮುಂದೆ ಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಅದಕ್ಕೆ ಬಲ್ಲ ಗಾಡಿಯವನು ಭಾರವನ್ನು ಹಿಂದಕ್ಕೆ ಸರಿಸಿ ಮೂಕಿ ಹಗುರ ಮಾಡುತ್ತಾನೆ. ಮಾವ ಆ ವಿದ್ಯೆಯಲ್ಲಿ ಸುತ್ತ ಊರಿಗೆಲ್ಲ ಹೆಸರಾದವರು. ಆದರೆ ಎತ್ತಿಗೆ ಹೇಳಿಕೊಟ್ಟ ವಿದ್ಯೆಯನ್ನು ಜೀಪಿಗೆ ಹೇಳಿಕೊಡಲು ಹೋದರೆ ಅದು ಕೇಳುತ್ತದೆಯೇ? ನನ್ನ ಗಂಡನನ್ನು ನೋಡಿದೆ. ಅಪ್ಪನೆದುರು ಅವನಿಗೆ ಬಾಯಿ ಇಲ್ಲ. "ನಿಧಾನಕ್ಕೆ ಹೋಗಾಣ ಬುಡು" ಎಂದು ಸ್ಟೇರಿಂಗು ಹಿಡಿದ. ಹೊತ್ತಾಗಿತ್ತು, ನಾನೂ ಹಲ್ಲು ಕಚ್ಚಿಕೊಂಡು ಹತ್ತಿದೆ.

ಜೀಪಿನ ಮುಂದೆ ಮಾವ, ನಡುವಿನ ಸೀಟಿನಲ್ಲಿ ನಾನು, ಅತ್ತೆ. ಊರ ಹೊರಗೆ ಆವುಲಪ್ಪ ಕೈ ಅಡ್ಡ ಹಾಕಿದರು. ಹೊಸೂರಿಗೆ ಹಲ್ಲು ಕೀಳಿಸಲು ಹೊರಟಿದ್ದ ಮುದುಕರು. ಜೀಪು ಖಾಲಿ ಹೋಗುವುದನ್ನು ನನ್ನ ಗಂಡನ ಜೀವ ಸಹಿಸುವುದಿಲ್ಲ, ಅವರನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡ.

ಸಮನೆಲದಲ್ಲಿ ಏನೂ ಗೊತ್ತಾಗಲಿಲ್ಲ. ಮಾವ ಹಿಂದೆ ತಿರುಗಿ ನನ್ನನ್ನು ನೋಡಿದರು, ಹೇಗೆ ನಮ್ಮ ಕೈಚಳಕ ಎಂಬಂತೆ. ನೀಲಗಿರಿ ತೋಪು ದಾಟಿ ಇಳಿಜಾರು ಶುರುವಾಯಿತು. ಜೀಪು ವೇಗ ಹಿಡಿಯಿತು. ಹಿಂದಿನಿಂದ ಆವುಲಪ್ಪನವರ ಧ್ವನಿ ಬಂತು.

"ಕುಮಾರೇಶ, ನಿನ್ನ ಗಾಡಿ ಅದರ ಪಾಡಿಗೆ ಎಲ್ಲಿಗೋ ಹೊರಟೈತಲ್ಲಾ."

ತಿರುಗಿ ನೋಡಿದೆ. ಟ್ರೇಲರು ರಸ್ತೆಯ ಆ ಅಂಚಿಗೆ ಹೋಗಿ, ಯಾರೋ ಕರೆದ ಹಾಗೆ ಈ ಅಂಚಿಗೆ ಬರುತ್ತಿತ್ತು. ಒಂದೊಂದು ಸಲಕ್ಕೂ ಇನ್ನೂ ಸ್ವಲ್ಪ ದೂರ. ಅದರ ಜೊತೆ ಜೀಪಿನ ಹಿಂಭಾಗವೂ ತೂಗತೊಡಗಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅದು ಗಾದೆಯಲ್ಲಿ ಚೆನ್ನಾಗಿರುತ್ತದೆ. ನಾವು ಒಳಗೆ ಕೂತಿರುವಾಗ ಚೆನ್ನಾಗಿರುವುದಿಲ್ಲ. ಎದುರಿಗೆ ಬಸ್ಸೊಂದು ಏರು ಹತ್ತುತ್ತಿತ್ತು.

"ಹಗ್ಗ ಎಳಿಲಾ" ಎಂದು ಮಾವ ಕೂಗಿದರು. ಯಾವ ಹಗ್ಗ ಎಂದು ಆ ದೇವರಿಗೇ ಗೊತ್ತು. ನನ್ನ ಗಂಡ ಬ್ರೇಕಿನ ಮೇಲೆ ಕಾಲಿಟ್ಟ. ಇಟ್ಟದ್ದೇ ತಡ, ಟ್ರೇಲರು ಹಿಂದಿನಿಂದ ಗುದ್ದಿ ಇನ್ನೂ ಜೋರಾಗಿ ಬೀಸಿತು.

"ಬ್ರೇಕು ಬುಡ್ರೀ. ಎಕ್ಸಲೇಟ್ರೂ ಬುಡಿ. ಸ್ಟೇರಿಂಗು ನೆಟ್ಟಗೆ ಹಿಡ್ಕೊಳಿ ಸಾಕು" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಪುಣ್ಯಕ್ಕೆ ಗಂಡ ಮದುವೆಯಾದ ಮೇಲೆ ಮೊದಲ ಸಲ ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಬಸ್ಸು ಹಾರನ್ನು ಒತ್ತಿಕೊಂಡೇ ನಮ್ಮ ಪಕ್ಕ ಉಜ್ಜಿದ ಹಾಗೆ ಹೋಯಿತು. ಜೀಪು ಮೆಲ್ಲ ಮೆಲ್ಲಗೆ ಸುಸ್ತಾಗಿ ರಾಗಿ ಹೊಲದ ಬದುವಿನ ಪಕ್ಕ ನಿಂತಿತು. ಸತ್ತೇ ಹೋಗುತ್ತಿದ್ದೆವು, ಅದೂ ಜೀಪಿನ ಕತ್ತು ನೋಯಬಾರದೆಂದು.

"ನೇನು ದಿಗತಾನಪ್ಪಾ" ಎಂದು ಆವುಲಪ್ಪ ತೆಲುಗಿನಲ್ಲೇ ಹೇಳಿ ಇಳಿದುಬಿಟ್ಟರು. "ಹಲ್ಲು ನೋವು ಹೋಗ್ಬುಡ್ತು, ನಾನು ಮನೆಗೆ ಹೋಯ್ತೀನಿ" ಎಂದು ಬಂದ ದಾರಿ ಹಿಡಿದರು.

ನಾನು ಇಳಿದು ಟ್ರೇಲರಿನ ಬಾಗಿಲು ತೆರೆದೆ. "ಎಲ್ಲಾ ಇಳ್ಸಿ ಮುಂದಕ್ಕೆ ಇಡಾಣ. ಬೇಗ. ಸೈರನ್ ಆಗ್ಬುಟ್ರೆ ಜಾಗ ಹೋಯ್ತು" ಎಂದೆ. ಕುಮಾರೇಶ ಬಂದ. ಮಾವ ಕೈ ಹಾಕಲಿಲ್ಲ. ಹೋಗಿ ಮೂಕಿಯ ಮೇಲೆ ಕೂತರು. ಅಪ್ಪ ಹಾಗೆ ಕೂತ ಮೇಲೆ ಸಾಮಾನು ಮುಟ್ಟಲು ಕುಮಾರೇಶನಿಗೆ ಧೈರ್ಯವಿಲ್ಲ, ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ.

"ರಸ್ತೆ ಸರಿಗಿಲ್ಲ. ತುಂಬಿದ್ದು ಸರಿಗೈತೆ" ಎಂದರು. "ನಾನು ಎಷ್ಟು ಗಾಡಿ ಕಟ್ಟಿಲ್ಲ? ಒಂದು ಎತ್ತಿನ ಕತ್ತಾಗೂ ಒಂದು ಹುಣ್ಣು ತೋರ್ಸಿ ನೋಡಾಣ."

ನಾನು ಜಗನ್ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಹಿಂದೆ ಭಾರವಾದರೆ ಹಿಂಭಾಗ ಲೋಲಕದ ಹಾಗೆ ಆಡುತ್ತದೆ, ಮುಂದೆ ಭಾರವಿದ್ದರೆ ಬಾಲ ಮುಚ್ಚಿಕೊಂಡು ಹಿಂದೆ ಬರುತ್ತದೆ ಎಂದೆ. ಕಲ್ಲಿಗೆ ಹೇಳಿದರೆ ಕರಗುತ್ತಿತ್ತೇನೋ. ಹೊತ್ತು ಮೀರುತ್ತಿತ್ತು. ಪರೋಟದವನು ಅಲ್ಲಿ ಕಲ್ಲು ಕಾಯಿಸುತ್ತಿರುವುದು ನನ್ನ ಕಣ್ಣಿಗೆ ಕಾಣತೊಡಗಿತು. ಅಳು ಬಂತು, ಅತ್ತೂ ಬಿಟ್ಟೆ. ವೈರು ಜೋಡಿಸುವ ಕೆಲಸಕ್ಕೆ ಮತ್ತೆ ಕೈ ಚಾಚಿ ನಿಲ್ಲಲು ನನಗೆ ಮನಸ್ಸಿರಲಿಲ್ಲ.

ಆಗ ಅತ್ತೆ ಜೀಪಿನಿಂದ ಇಳಿದರು. ಇಷ್ಟು ಹೊತ್ತೂ ಸಾರಿನ ಪಾತ್ರೆಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದವರು. ಒಂದು ಹನಿ ಚೆಲ್ಲಿರಲಿಲ್ಲ. ಪಾತ್ರೆಯನ್ನು ಸೀಟಿನ ಮೇಲಿಟ್ಟು ಗಂಡನೆದುರು ಬಂದು ನಿಂತರು.

"ಡೆಂಕಣಿಕೋಟೆ ಸಂತೆಗೆ ಹೋಗೋವಾಗ ಏರು ಬಂದ್ರೆ ಗಾಡಿಯಿಂದ ಮೂಟೆ ಇಳ್ಸ್ತಿದ್ದೆಯಲ್ಲ, ಯಾಕೆ ಇಳ್ಸ್ತಿದ್ದೆ?"

"ಎತ್ತಿನ ಕತ್ತು ನೋಯ್ತದೆ ಅಂತ."

"ಇಳ್ಸಿ ಯಾರ ತಲೆ ಮೇಲೆ ಇಡ್ತಿದ್ದೆ?"

ಮಾವ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು.

"ನನ್ನ ತಲೆ ಮೇಲೆ" ಎಂದರು ಅತ್ತೆ. ಧ್ವನಿ ಏರಲಿಲ್ಲ. "ಈ ಕುಮಾರೇಶ ಹೊಟ್ಟೆಯಾಗಿದ್ದಾಗ್ಲೂ ಇಟ್ಟೆ. ಮನೆಗೆ ಬಂದು ನೀನು ನೊಗ ಬಿಚ್ಚಿ ಎತ್ತಿನ ಕತ್ತಿಗೆ ಹರಳೆಣ್ಣೆ ಉಜ್ಜಿದೆ. ನಂಗೆ, ಸಾರು ಬೇಗ ಇಡು ಅಂದೆ. ಎತ್ತಿಗೆ ಕತ್ತಿತ್ತು. ಈ ಕಬ್ಬಿಣಕ್ಕೂ ಕತ್ತೈತೆ. ನಂಗೊಂದು ಇತ್ತು ಅಂತ ನಿಂಗೆ ಯಾವತ್ತಾದ್ರೂ ಅನ್ನಿಸ್ತಾ?"

ನನ್ನ ಗಂಡ ಹೊಲದಲ್ಲಿ ರಾಗಿ ತೆನೆ ಎಣಿಸುವವನ ಹಾಗೆ ಆ ಕಡೆ ತಿರುಗಿ ನಿಂತ. ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ಕತ್ತು ನೋಡಿದರು. ಅಲ್ಲೊಂದು ಇದೆ ಎಂದು ಆಗ ತಾನೆ ಕಂಡ ಹಾಗಿತ್ತು. ಅವರು ಮೂಕಿಯಿಂದ ಎದ್ದು ಟ್ರೇಲರಿನೊಳಗೆ ಹೋದರು, ಗ್ರೈಂಡರನ್ನು ಒಬ್ಬರೇ ತಬ್ಬಿ ಮುಂದಕ್ಕೆ ದೂಡತೊಡಗಿದರು. ನಾವೂ ಕೈ ಹಾಕಿದೆವು. ಡ್ರಮ್ಮಿನ ನೀರನ್ನು ಹೊಲಕ್ಕೆ ಚೆಲ್ಲಿದೆ, ನೀರು ಗೇಟಿನ ಹತ್ತಿರವೂ ಸಿಗುತ್ತದೆ. ಸಿಲಿಂಡರು, ಮೂಟೆ ಚಕ್ರದ ಮುಂದಕ್ಕೆ ಬಂದವು. ಹಗ್ಗ ಬಿಗಿದು, ಕೊಂಡಿಯನ್ನೂ ಸರಪಳಿಗಳನ್ನೂ ಇನ್ನೊಮ್ಮೆ ನೋಡಿದೆವು. ಆಮೇಲೆ ಟ್ರೇಲರು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಹೊಸೂರಿನ ತನಕ ಬಂತು.

ಗೇಟಿನ ಹತ್ತಿರ ಬಂದಾಗ ಪರೋಟದವನೂ ರಸ್ತೆಯ ಆ ಬದಿಯಿಂದ ತಳ್ಳುಗಾಡಿ ತರುತ್ತಿದ್ದ. ಜಾಗ ಇನ್ನೂ ಖಾಲಿಯೇ ಇತ್ತು. ಹಿಮ್ಮುಖವಾಗಿ ಟ್ರೇಲರನ್ನು ಅದರೊಳಗೆ ಸೇರಿಸಬೇಕು ಅಷ್ಟೆ. ಅಷ್ಟೇ ಅಂದುಕೊಂಡದ್ದು ನಮ್ಮ ಬುದ್ಧಿ. ಕುಮಾರೇಶ ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗಿ ಮಡಚಿಕೊಂಡಿತು. ಹಿಂದೆ ಕಂಪನಿ ಬಸ್ಸುಗಳು ಹಾರನ್ನು ಶುರು ಮಾಡಿದವು. ಹನುಮಂತರಾಯಪ್ಪ ಕೈಗಡಿಯಾರ ತೋರಿಸಿದರು.

"ನಂಬ ಇಡಂ ಅಕ್ಕಾ" ಎಂದು ಪರೋಟದವನು ನಗುತ್ತ, ತನ್ನದೇ ಜಾಗ ಎಂಬ ಹಾಗೆ, ರಸ್ತೆ ದಾಟಲು ನಿಂತ.

"ಕೊಂಡಿ ಕಳಚ್ರೋ" ಎಂದರು ಮಾವ. "ಕೈಯಾಗೆ ತಳ್ಳಾಣ. ಮೂಕಿ ನಾನು ಹಿಡೀತೀನಿ."

ಕಳಚಿದೆವು. ನಾನೂ ಕುಮಾರೇಶನೂ ಅಕ್ಕಪಕ್ಕದಿಂದ ಚಕ್ರಕ್ಕೆ ಕೈ ಕೊಟ್ಟೆವು. ಮಾವ ಅಭ್ಯಾಸಬಲದಿಂದ ಎರಡು ಬೆರಳು ಕೊಟ್ಟು ಮೂಕಿ ಎತ್ತಲು ಹೋದರು. ಅಲ್ಲಾಡಲಿಲ್ಲ. ಈಗ ಭಾರವೆಲ್ಲ ಮುಂದಿತ್ತು. ಬಾಗಿ ಹೆಗಲು ಕೊಟ್ಟು ಎದ್ದರು. ಕಬ್ಬಿಣ ಕತ್ತಿನ ಬುಡಕ್ಕೆ ಕೂತಿತು. ಅತ್ತೆ ಅವರ ಹೆಗಲ ಟವೆಲ್ಲನ್ನು ಎಳೆದು, ಸುತ್ತಿ ಸಿಂಬೆ ಮಾಡಿ, ಕಬ್ಬಿಣದ ಕೆಳಗೆ ತೂರಿಸಿದರು.

ಒಂದೊಂದೇ ಹೆಜ್ಜೆ ಹಿಂದಕ್ಕೆ ನೂಕಿದೆವು. ಮಾವನ ಉಸಿರು ನಮ್ಮ ತನಕ ಕೇಳುತ್ತಿತ್ತು.

"ಪಿಳ್ಳಾ, ಇನ್ನೂ ಎಷ್ಟು ದೂರ ಐತೆ?" ಎಂದರು.

"ನಾನು ಕೇಳ್ದಾಗೆಲ್ಲ ನೀನು ಅಲ್ಲೇ ಐತೆ ನಡಿ ಅಂತಿದ್ದೆ" ಎಂದರು ಅತ್ತೆ. "ಅಲ್ಲೇ ಐತೆ. ನಡಿ."

ಮಾವ ನಡೆದರು. ಚಕ್ರ ಜಾಗದೊಳಗೆ ಇಳಿದು ಗೋಡೆಗೆ ತಾಗಿತು, ಚಕ್ರಕ್ಕೆ ಕಲ್ಲು ಕೊಟ್ಟೆ, ಸೈರನ್ ಆಯಿತು. ಪರೋಟದವನು ತಳ್ಳುಗಾಡಿ ತಿರುಗಿಸಿಕೊಂಡ. ನನಗೆ ಎಷ್ಟು ಸಂತೋಷವಾಯಿತೆಂದರೆ ಹನುಮಂತರಾಯಪ್ಪನವರಿಗೆ ಎರಡು ಸಲ ನಮಸ್ಕಾರ ಮಾಡಿದೆ.

ಮಾವ ಮೂಕಿ ಇಳಿಸಿ, ಕೆಂಪಗೆ ಗೆರೆ ಬಿದ್ದ ಕತ್ತನ್ನು ಉಜ್ಜಿಕೊಳ್ಳುತ್ತ ಕಲ್ಲಿನ ಮೇಲೆ ಕೂತರು. ಅತ್ತೆ ಅವರ ಹತ್ತಿರ ಹೋಗಿ ಗೆರೆಯನ್ನು ಬಗ್ಗಿ ನೋಡಿದರು. ಇನ್ನು ಎಣ್ಣೆ ಕೇಳುತ್ತಾರೆ ಎಂದು ನಾನು ಬಾಟಲಿ ಹುಡುಕಿದೆ. ಅತ್ತೆ ಟ್ರೇಲರಿನೊಳಗಿಂದ ಎರಡು ಖಾಲಿ ಬಿಂದಿಗೆ ತಂದು ಗಂಡನ ಮುಂದಿಟ್ಟರು.

"ಎಸರಿಗೆ ನೀರಿಲ್ಲ" ಎಂದರು. "ಬೇಗ ತಾ."

ಮಾವ ಎದ್ದು ಬಿಂದಿಗೆ ತೆಗೆದುಕೊಂಡು, ನಲ್ಲಿ ಎಲ್ಲಿದೆ ಎಂದು ಸೆಕ್ಯುರಿಟಿಯವರನ್ನು ಕೇಳಲು ಹೋದರು.