ಫಕ್ಕೀರಪ್ಪ ಬಿಚ್ಚಿ ನೋಡಿದ ಪಂಪು

ನಾನು ಒಂದು ಪಂಪು. ಬೋರ್‌ವೆಲ್ಲಿನದಲ್ಲ, ಅಂಗೈಯಲ್ಲಿ ಹಿಡಿಯುವಂಥದು. ಎರಡು ಮೆತ್ತನೆಯ ಸಿಲಿಕೋನ್ ಕೊಳವೆ, ಒಂದು ಪುಟ್ಟ ನೀರಿನ ಚೀಲ, ಹಿಚುಕಲು ಒಂದು ಗುಂಡು: ಇಷ್ಟೇ ನನ್ನ ಮೈ. ಸಕ್ಕರೆ ಕಾಯಿಲೆಯಿಂದ ನರ, ರಕ್ತನಾಳ ಸೋತು, ಗುಳಿಗೆಗೂ ಸೂಜಿಗೂ ಬಗ್ಗದೆ ಗಂಡಸುತನ ಕೈಕೊಟ್ಟವರಿಗೆ ಆಪರೇಷನ್ ಮಾಡಿ ನಮ್ಮಂಥವರನ್ನು ಒಳಗೆ ಕೂರಿಸುತ್ತಾರೆ. ಗುಂಡು ಹಿಚುಕಿದರೆ ಚೀಲದ ನೀರು ಕೊಳವೆಗೆ ಏರಿ ಸೆಟೆದು ನಿಲ್ಲುತ್ತದೆ. ನನ್ನ ಜೊತೆ ಹುಟ್ಟಿದವರೆಲ್ಲ ಹಾಗೆ ಯಾರ್ಯಾರದೋ ಮೈ ಸೇರಿದರು. ನನ್ನ ಕೊಳವೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡಿತೆಂದು ಕಾರ್ಖಾನೆಯವರು ನನ್ನನ್ನು ರೋಗಿಗಳಿಗೆ ತೋರಿಸುವ ಮಾದರಿ ಮಾಡಿಬಿಟ್ಟರು.

ಮೊದಲು ಮಾರಾಟದವನ ಬ್ಯಾಗು, ಆಮೇಲೆ ಹುಬ್ಬಳ್ಳಿಯ ಇನಾಮದಾರ ಡಾಕ್ಟರ ಡ್ರಾಯರು. ನನ್ನೆದುರು ಕೂತ ಗಂಡಸರು ಮೊದಲ ಸಲ ನಿಜ ಹೇಳಿದ್ದನ್ನು ನಾನು ಕಾಣೆ.

"ನಮ್ಮ ಗೆಳೆಯಗ ಬೇಕಾಗಿತ್ತರಿ."

"ಗೆಳೆಯನ ರಕ್ತ ನಿಮ್ಮ ಕೈಯಿಂದ ತಗೀಲೇನು?" ಎನ್ನುತ್ತಾರೆ ಡಾಕ್ಟರು.

ರಾಣೆಬೆನ್ನೂರಿನ ಫಕ್ಕೀರಪ್ಪ ಬೋರ್‌ವೆಲ್ ಮೋಟರು ರಿಪೇರಿ ಮಾಡುವವನು. ಹದಿನೈದು ವರ್ಷದ ಸಕ್ಕರೆ ಕಾಯಿಲೆ.

"ರಕ್ತದಾಗಿನ ಸಕ್ಕರಿ ಮೂರು ತಿಂಗಳ ಸರಾಸರಿ ಹನ್ನೊಂದು ಅದ," ಎಂದರು ಡಾಕ್ಟರು. "ಎಂಟರೊಳಗ ಬರಲಿ. ಇಲ್ಲಾಂದ್ರ ಗಾಯ ಕೀವಾದೀತು, ಹಾಕಿದ್ದನ್ನೆಲ್ಲ ತಗೀಬೇಕಾದೀತು. ಮನಿಯವರನ್ನೂ ಕರ್ಕೊಂಡು ಬರ್ರಿ."

ಮನೆಯವರ ಮಾತು ಅವನ ಕಿವಿಗೇ ಬೀಳಲಿಲ್ಲ. ಅವನ ಕಣ್ಣು ನನ್ನ ಮೇಲಿತ್ತು. "ಸರ, ಬಿಚ್ಚಿ ನೋಡದ ಪಂಪು ನಾ ಯಾರ ಬೋರಿಗೂ ಇಳಿಸಿಲ್ಲ. ನನ್ನ ಮೈಗೆ ಹ್ಯಾಂಗ ಇಳಿಸ್ಲಿ? ಎರಡು ದಿನ ಕೊಡ್ರಿ."

ಡಾಕ್ಟರು ನಕ್ಕು ಕೊಟ್ಟರು. ಕೊಡಬಾರದಿತ್ತು.

ಮನೆಯ ಮುಂದಿನ ಅಂಗಡಿಯಲ್ಲಿ ಅವನು ನನ್ನನ್ನು ಬಕೆಟ್ಟಿನಲ್ಲಿ ಮುಳುಗಿಸಿ ಇನ್ನೂರು ಸಲ ಹಿಚುಕಿದ. ಸೋರಲಿಲ್ಲ. ಆದರೂ ನಂಬಿಕೆ ಹುಟ್ಟದೆ ಬ್ಲೇಡು ತಂದು ಗುಂಡಿನ ಬಾಯಲ್ಲಿದ್ದ ವಾಲ್ವನ್ನು ಸೀಳಿದ. ಕೆಡಿಸಿದ ನಾಚಿಕೆಗೆ ಹಳೆಯ ಬನಿಯನ್ನಿನಲ್ಲಿ ಸುತ್ತಿ, ಆಸ್ಪತ್ರೆಯ ಚೀಟಿಯ ಜೊತೆ ಪಾನಾ, ಸ್ಕ್ರೂಡ್ರೈವರು ತುಂಬಿದ ಪೆಟ್ಟಿಗೆಯ ತಳಕ್ಕೆ ತಳ್ಳಿದ. ಎರಡು ದಿನ ನಾಲ್ಕು ತಿಂಗಳಾಯಿತು.

ಅಲ್ಲಿಂದಲೇ ನಾನು ಅವನ ಹೆಂಡತಿ ಹೊನ್ನವ್ವನ ದನಿ ಕೇಳುತ್ತಿದ್ದೆ. ಗಂಡ ಎರಡು ವರ್ಷದಿಂದ ಹೊರಗಿನ ಪಡಸಾಲೆಯಲ್ಲಿ ಮಲಗುತ್ತಿದ್ದ. ಈಗ ಮುಂಜಾನೆ ಎದ್ದು ನಡೆಯುತ್ತಾನೆ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾನೆ, ಹೊಟ್ಟೆ ಕರಗಿದೆ, ತಿಂಗಳಿಗೊಮ್ಮೆ ಹುಬ್ಬಳ್ಳಿ.

"ಯಾವಾಕಿಗೆ ತೋರಸಾಕ ಇಷ್ಟು ಸಣ್ಣಾಗಾಕ ಹತ್ತೀರಿ?"

"ಸಕ್ಕರಿ ಸಲುವಾಗಿ."

"ಹದಿನೈದು ವರ್ಷ ನೆನಪಾಗದ ಸಕ್ಕರಿ ಈಗ ನೆನಪಾತೇನು?"

ಒಂದು ದಿನ ಫಕ್ಕೀರಪ್ಪ ಬೋರ್ ಕೆಲಸಕ್ಕೆ ಹೋದಾಗ ಅವಳು ಪೆಟ್ಟಿಗೆ ಬುಡಮೇಲು ಮಾಡಿದಳು. ಯಾವಳದೋ ಫೋಟೋ ಹುಡುಕಿದವಳ ಕೈಗೆ ನಾನು ಸಿಕ್ಕೆ. ಚೀಟಿಯ ವಿಳಾಸ ಹಿಡಿದು ಬಸ್ಸು ಹತ್ತಿ, ನೇರ ಡಾಕ್ಟರ ಮೇಜಿನ ಮೇಲೆ ನನ್ನನ್ನು ಕುಕ್ಕಿದಳು.

"ಯಾವಾಕಿ ಬಸಿರು ಇಳಿಸಾಕ ತಂದಾರ್ರಿ ಇದನ್ನ? ಖರೇ ಹೇಳ್ರಿ!"

ಡಾಕ್ಟರು ಬೆಚ್ಚಿದರು. "ಅವರ ವಿಷಯ ಅವರ ಬಾಯಿಂದನ ಕೇಳ್ರಿ ತಾಯಿ. ಇದು ಏನು ಅನ್ನೋದನ್ನಷ್ಟ ನಾ ಹೇಳ್ತೀನಿ." ವಿವರಿಸುತ್ತ ನನ್ನನ್ನು ಹಿಚುಕಿದರು. ಸೀಳಿದ ವಾಲ್ವಿನಿಂದ ನೀರು ಚಿಮ್ಮಿ ಅವರ ಕನ್ನಡಕ ತೊಯ್ದಿತು. ಹೊನ್ನವ್ವ ನಗಲಿಲ್ಲ. ಮೇಜಿನ ಮೇಲೆ ಚೆಲ್ಲಿದ ನೀರನ್ನು ಸೆರಗಿನಿಂದ ಒರೆಸಿ, ನನ್ನನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಮರುವಾರ ಇಬ್ಬರೂ ಬಂದರು. ಫಕ್ಕೀರಪ್ಪ ನೆಲ ನೋಡುತ್ತಿದ್ದ. "ಹೇಳಿದ್ರ ನೀ ನಗ್ತಿದ್ದಿ," ಎಂದ.

"ನಗ್ತಿದ್ದೆ," ಎಂದಳು ಹೊನ್ನವ್ವ. "ನಕ್ಕು, ಒಳಗ ಬರ್ರಿ ಅಂತಿದ್ದೆ."

ಫಕ್ಕೀರಪ್ಪ ಕಣ್ಣೊರೆಸಿಕೊಂಡ. ಸಕ್ಕರೆ ಏಳೂವರೆಗೆ ಇಳಿದಿದೆ, ಆಪರೇಷನ್ ಮಾಡಬಹುದು ಎಂದರು ಡಾಕ್ಟರು.

"ತಡೀರಿ," ಎಂದಳು ಹೊನ್ನವ್ವ. "ಮೊದಲು ಇವರ ಹಾಸಿಗಿ ಒಳಗ ಬರಲಿ. ಆಮ್ಯಾಲ ಇಬ್ಬರೂ ಕೂಡಿ ಹೇಳ್ತೀವಿ."

ಐದು ತಿಂಗಳು ಬಿಟ್ಟು ಬಂದು ಆಪರೇಷನ್ ಮಾಡಿಸಿಕೊಂಡರು. ಆರು ವಾರದ ಮೇಲೆ ಪಂಪು ಹಿಚುಕುವ ಕ್ರಮವನ್ನು ಡಾಕ್ಟರು ಕಲಿಸುವಾಗ, "ನನಗೂ ತೋರಸ್ರಿ, ಇವರು ಮತ್ತ ಬಿಚ್ಚಿ ನೋಡ್ಯಾರು," ಎಂದವಳು ಹೊನ್ನವ್ವನೇ.

ಈಗ ಮೇಜಿನ ಮೇಲೆ ಹೊಸ ಮಾದರಿ ಇದೆ. ನಾನು ಡ್ರಾಯರಿನಲ್ಲಿ ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿ ಒಣಗಿ ಮಲಗಿದ್ದೇನೆ. ಯಾರ ಮೈಯನ್ನೂ ಸೇರಲಿಲ್ಲವೆಂಬ ಕೊರಗು ಮೊದಲಿನಷ್ಟಿಲ್ಲ. ಗಂಡಸರ ಮಾತಿನ ಮೇಲಿನ ಅನುಮಾನ ಮಾತ್ರ ಹೋಗಿಲ್ಲ. ಬಾಗಿಲು ತೆರೆದಾಗಲೆಲ್ಲ ಹೆಜ್ಜೆ ಸಪ್ಪಳ ಎಣಿಸುತ್ತೇನೆ. ಒಬ್ಬನೇ ಬಂದನೆಂದರೆ, ಇವನು ಮನೆಯಲ್ಲಿ ಏನು ಮುಚ್ಚಿಟ್ಟಿದ್ದಾನೋ ಎಂದು ಕಿವಿ ನಿಮಿರುತ್ತದೆ. ಇಬ್ಬರು ಬಂದರೆ ಆಪರೇಷನ್ ಆಗಲಿ ಬಿಡಲಿ, ನನಗೆ ನಿದ್ದೆ ಹತ್ತುತ್ತದೆ.