ನೆಲ ಮುಟ್ಟುವ ಅಂಚು

ಮಣ್ಣು ಮಾಡಿ ಬಂದವರ ಊಟಕ್ಕೆಂದು ಕುಟ್ಟಿದ ಮೆಕ್ಕೆಜೋಳ ಬೇಯುತ್ತಿದ್ದ ಹಂಡೆಯಲ್ಲಿ ಸೌಟು ತಿರುವುತ್ತಲೇ ತೊಝಾಮಾ ಇನ್ನೊಂದು ಸಲ ಬೇಡಿಕೊಂಡಳು. ಅಕ್ಕ ನೊಝುಕೋಳ ಶವಪೆಟ್ಟಿಗೆ ಒಳಗಿತ್ತು, ಇನ್ನೇನು ಎತ್ತಬೇಕು. ಚರ್ಚಿನ ತಾಯಂದಿರ ಸಂಘದವರು ಬಿಳಿ ರವಿಕೆ, ಕರಿ ಲಂಗ ತೊಟ್ಟು ಮುಂದೆ ನಡೆದು ಹಾಡಿದರೆ ಸಾಕು, ಅಷ್ಟೇ ಅವಳ ಆಸೆ.

"ನಮ್ಮ ಸಂಘ ಮದುವೆ ಆದೋರಿಗೆ ಮಾತ್ರ. ಅವಳು ಮದುವೆ ಆದೋಳಲ್ವಲ್ಲ ತಾಯಿ," ಎಂದರು ಸಂಘದ ಹಿರಿಯಾಕೆ ಮಾಂಬೆಲೆ. "ಕನ್ಯೆಯರ ಸಂಘದವರನ್ನ ಕೇಳು."

"ಮುದುಕಿ ಹೆಣದ ಮುಂದೆ ಆ ಚಿಳ್ಳೆಪಿಳ್ಳೆಗಳನ್ನ ನಡೆಸ್ಲಾ? ಊರು ನಗಲ್ವಾ?"

ಮಾಂಬೆಲೆ ಕೆಟ್ಟವರೇನಲ್ಲ, ಬೆಳಗಿನಿಂದ ಬೀಟ್‌ರೂಟು ತುರಿದು ಕೈ ಕೆಂಪು ಮಾಡಿಕೊಂಡಿದ್ದರು. ಆದರೆ ಕಟ್ಟಳೆ ಕಟ್ಟಳೆಯೇ. ತೊಝಾಮಾಳಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಈಗ ಹಾಡುವವರೂ ಇಲ್ಲದೆ ಅಕ್ಕ ದಿಕ್ಕಿಲ್ಲದವಳ ಹಾಗೆ ಹೋಗಬೇಕಲ್ಲ ಎಂದುಕೊಂಡು ಸೌಟನ್ನು ಹಂಡೆಯ ತಳಕ್ಕೆ ಒತ್ತಿ ತಿರುವಿದಳು.

*

ಬೆಟ್ಟದ ಮೇಲಿನ ಆಂಗ್ಲಿಕನ್ ಹುಡುಗಿಯರ ಶಾಲೆಯಲ್ಲಿ ನೊಝುಕೋ ಹೊಲಿಗೆ ಕೋಣೆಯವಳು. ಅಲ್ಲಿ ಲಂಗದ ಉದ್ದ ನೋಡಲು ಟೇಪು ಬೇಕಿರಲಿಲ್ಲ. ಪ್ರತಿ ಸಲ ರಜೆ ಮುಗಿದು ಶಾಲೆ ತೆರೆದ ದಿನ ಹುಡುಗಿಯರು ಅವಳೆದುರು ಸಾಲಾಗಿ ಮೊಣಕಾಲೂರಬೇಕು. ಅಂಚು ನೆಲ ಮುಟ್ಟಿದರೆ ಸರಿ. ಮುಟ್ಟದಿದ್ದರೆ ಬಿಚ್ಚಿ ಇಳಿಸಿ, ಮನೆಗೆ ಹೊರಡುವುದರೊಳಗೆ ಹೊಲಿದು ಕೊಡುತ್ತಿದ್ದಳು. ಜೊತೆಗೆ ಬೈಗುಳ: "ಮನೇಲಿ ಗೊಬ್ಬರ ಹಾಕ್ತಾರೇನೇ ನಿಂಗೆ? ಹೋದ ಸಲಾನೇ ಇಳಿಸಿದ್ನಲ್ಲ."

ಕಂಡವರ ಮಕ್ಕಳ ಲಂಗಕ್ಕೇ ಆಯುಷ್ಯ ತೇದೆಯಲ್ಲ ಎಂದು ತೊಝಾಮಾ ಒಮ್ಮೆ ಚುಚ್ಚಿದ್ದಳು. ಅಕ್ಕ ಹಲ್ಲಿನಲ್ಲಿ ನೂಲು ಕಡಿದು, "ಬೆಳೀತಾವಲ್ಲೇ, ನಾನೇನ್ ಮಾಡ್ಲಿ," ಎಂದಿದ್ದಳು.

*

ಪೆಟ್ಟಿಗೆ ಹಾಡಿಲ್ಲದೆ ಹೊರಟಿತು. ಮಾಂಬೆಲೆ ಸಂಘದ ಉಡುಪು ತೊಡದೆ ಮನೆಯ ಬಟ್ಟೆಯಲ್ಲೇ ತಲೆ ತಗ್ಗಿಸಿ ಹಿಂದೆ ಬಂದರು. ಸ್ಮಶಾನ ಮುಟ್ಟುವಾಗ ಶಾಲೆಯ ಬಸ್ಸು ಬಂದು ನಿಂತಿತು. ಸಮವಸ್ತ್ರದ ಹುಡುಗಿಯರು ಇಳಿದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಬ್ಬಿಬ್ಬಾದರು.

ಪ್ರಾರ್ಥಿಸೋಣ ಎಂದರು ಪಾದ್ರಿ. ದೊಡ್ಡವರೆಲ್ಲ ನಿಂತೇ ತಲೆ ಬಾಗಿಸಿದರು. ಗುಂಡಿಯ ಬಳಿ ಇಲ್ಲಿ ಯಾರೂ ಮೊಣಕಾಲೂರುವುದಿಲ್ಲ. ಹುಡುಗಿಯರು ಮಾತ್ರ ಪೆಟ್ಟಿಗೆಯ ಎದುರು ಸಾಲಾಗಿ ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ, ಬೆನ್ನು ನೆಟ್ಟಗೆ ಮಾಡಿ, ಕೈ ಪಕ್ಕಕ್ಕೆ ಬಿಟ್ಟು ಕಾದರು. ಹಿಂದಿನಿಂದ ಒಡಕು ದನಿಯಲ್ಲಿ ಒಂದು ಹಾಡು ಎದ್ದಿತು. ಮಾಂಬೆಲೆಯದು.

ತೊಝಾಮಾಳ ಕಣ್ಣು ಅಂಚಿನಿಂದ ಅಂಚಿಗೆ ಹೋಯಿತು. ಎಲ್ಲವೂ ನೆಲ ಮುಟ್ಟಿದ್ದವು. ಕೊನೆಯ ಉದ್ದನೆಯ ಹುಡುಗಿಯದು ಮಾತ್ರ ಎರಡು ಬೆರಳು ಮೇಲಿತ್ತು. ಅದು ಆ ಹುಡುಗಿಗೂ ಗೊತ್ತಿತ್ತು; ಲಂಗವನ್ನು ಕೆಳಗೆ ಜಗ್ಗದೆ, ಬೈಗುಳಕ್ಕೆ ಕಾಯುವವಳಂತೆ ಪೆಟ್ಟಿಗೆಯನ್ನೇ ನೋಡುತ್ತಾ ಅಳುತ್ತಿದ್ದಳು.