ಸಿಗಿರಿಯಕ್ಕೆ ಒಂದು ಲೆನ್ಸು

ನಮ್ಮ ಯಜಮಾನರ ಹೆಸರು ಅನಂತಪದ್ಮನಾಭ. ಹೆಸರೇ ಇಷ್ಟುದ್ದ ಇರುವ ಮನುಷ್ಯ ಒಂದು ತೀರ್ಮಾನಕ್ಕೆ ಬರಲು ಎಷ್ಟು ಕಾಲ ಹಿಡಿಯಬಹುದೆಂದು ಮದುವೆಗೆ ಮುಂಚೆ ನಮ್ಮಪ್ಪನಾದರೂ ಯೋಚಿಸಬೇಕಿತ್ತು. ಸೀರೆ ಅಂಗಡಿಗೆ ಹೋದರೆ ನಾನು ಕೂತ ಜಾಗ ಬಿಸಿಯಾಗುವ ಮೊದಲೇ ಎದ್ದು ಬರುತ್ತೇನೆ. ಇವರು ಒಂದು ಛತ್ರಿ ಕೊಳ್ಳಲು ಜಯನಗರದ ನಾಲ್ಕನೇ ಬ್ಲಾಕನ್ನೆಲ್ಲ ಸುತ್ತಿ, ಮಳೆಗಾಲ ಮುಗಿದ ಮೇಲೆ, ಮೊದಲ ದಿನ ನೋಡಿದ ಛತ್ರಿಯನ್ನೇ ತರುತ್ತಾರೆ. ಅಂಥವರು ಈ ಸಲ ಹಿಡಿದುಕೊಂಡಿದ್ದು ಕ್ಯಾಮೆರಾ ಲೆನ್ಸನ್ನು.

ವಿಷಯ ಇಷ್ಟು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವಳು. ಶ್ರೀಲಂಕಾದ ಸಿಗಿರಿಯ ಬಂಡೆಯ ಚಿತ್ರವನ್ನು ಎಷ್ಟೋ ಬ್ಯಾಚಿನ ಮಕ್ಕಳಿಗೆ ತೋರಿಸಿದ್ದೇನೆ. ಕಾಡಿನ ನಡುವೆ ನೆಟ್ಟಗೆ ಎದ್ದ ಬಂಡೆ, ಹತ್ತುವ ದಾರಿಯಲ್ಲಿ ಸಿಂಹದ ಎರಡು ಪಾದಗಳು, ನೆತ್ತಿಯ ಮೇಲೆ ಒಬ್ಬ ರಾಜನ ಅರಮನೆಯ ಅಡಿಪಾಯ. "ಮಿಸ್, ನೀವು ಹತ್ತಿದೀರಾ?" ಎಂದು ಪ್ರತಿ ವರ್ಷ ಒಬ್ಬಳಾದರೂ ಕೇಳುತ್ತಿದ್ದಳು. ಇನ್ನೂ ಇಲ್ಲ, ಹತ್ತುತ್ತೇನೆ ಎನ್ನುತ್ತಿದ್ದೆ. ಹೊರಡಬೇಕು ಅಂದಾಗಲೆಲ್ಲ ಒಂದೊಂದು ಅಡ್ಡಿ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು, ಪ್ರವಾಸ ಕ್ಯಾನ್ಸಲ್. ಮಗಳು ಇಂಚರಳ ಹೆರಿಗೆ, ಕ್ಯಾನ್ಸಲ್. ಇವರ ಕಣ್ಣಿನ ಪೊರೆ ಆಪರೇಷನ್, ಕ್ಯಾನ್ಸಲ್. ಪ್ರತಿ ಸಲವೂ ಯಾರೂ ಹೇಳುವ ಮೊದಲೇ ಫೋನ್ ಮಾಡಿ ಬೇಡ ಅಂದವಳು ನಾನೇ. ಈಗ ನನಗೆ ಅರವತ್ತೆರಡು. ಮಂಡಿ ಇನ್ನೂ ನನ್ನ ಮಾತು ಕೇಳುತ್ತಿದೆ. ಮುಂದಿನ ವರ್ಷವೂ ಕೇಳುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಈ ಸಲ ಹತ್ತಲಿಲ್ಲ ಅಂದರೆ ಇನ್ನು ಹತ್ತಿದ ಹಾಗೇ.

ಅಷ್ಟರಲ್ಲಿ ನಮ್ಮ ಸ್ಕೂಲಿನ ಹಿಂದಿ ಮಿಸ್ ಕಮಲಾದೇವಿ ಜುಲೈನಲ್ಲಿ ಶ್ರೀಲಂಕಾಗೆ ಒಂದು ಗುಂಪು ಹೊರಡಿಸಿದಳು. ಎಲ್ಲ ನಮ್ಮ ವಯಸ್ಸಿನವರೇ, ಊಟಕ್ಕೆ ಅನ್ನ ಸಾರು ಸಿಗುವ ಏರ್ಪಾಡು. ನನ್ನ ಕುಣಿತ ಏನು ಕೇಳುತ್ತೀರಿ. ಇವರೂ "ಹೋಗೋಣ" ಅಂದರು. ಅಂದವರು ಮಾರನೇ ದಿನ, "ಕಮಲಾ ಅವರಿಗೆ ಈಗಲೇ ಹೆಸರು ಕೊಡ್ಬೇಡ. ಮೊದಲು ಲೆನ್ಸ್ ಸೆಟ್ಲ್ ಆಗ್ಲಿ," ಎಂದು ರಾಗ ತೆಗೆದರು.

ಇವರ ಹತ್ತಿರ ನಾಲ್ಕು ಲೆನ್ಸುಗಳಿವೆ. ಅವನ್ನೆಲ್ಲ ಹೊತ್ತು ತಿರುಗುವ ವಯಸ್ಸಲ್ಲ ಎಂದು ಇವರಿಗೇ ಅನ್ನಿಸಿ, ಎಲ್ಲ ಕೆಲಸಕ್ಕೂ ಆಗುವಂಥ ಒಂದೇ ಜೂಮ್ ಲೆನ್ಸ್ ಬೇಕೆಂದರು. ಒಳ್ಳೆಯದೇ. ಆದರೆ ಯಾವುದು? ಲೆನ್ಸಿನ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಚಿಕ್ಕದಿದ್ದಷ್ಟೂ ಅಗಲವಾದ ನೋಟ, ಎರಡನೆಯದು ದೊಡ್ಡದಿದ್ದಷ್ಟೂ ದೂರದ್ದು ಹತ್ತಿರ ಬರುತ್ತದೆ. ಹದಿನೆಂಟು-ಇನ್ನೂರು ಹಗುರ, ಚಿತ್ರವೂ ಸ್ಪಷ್ಟ. ಹದಿನೆಂಟು-ನಾನೂರು ಎಲ್ಲಿಂದೆಲ್ಲಿಗೋ ಎಳೆಯುತ್ತದೆ, ಆದರೆ ಭಾರ, ಮೋಡ ಕವಿದರೆ ಚಿತ್ರ ಮಬ್ಬು. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೂ ಮನೆಯಲ್ಲಿ ಅದೇ ಜಪ. ಯೂಟ್ಯೂಬಿನಲ್ಲಿ ಯಾವನೋ ಗಡ್ಡದವನು ಇಟ್ಟಿಗೆ ಗೋಡೆಯ ಫೋಟೋ ತೆಗೆದು ಅದರ ಮೂಲೆ ತೋರಿಸುತ್ತಾನೆ. ಇವರು ನಮ್ಮ ತಾರಸಿಯಲ್ಲಿ ನಿಂತು ಎದುರುಮನೆಯ ಸಿಂಟೆಕ್ಸ್ ಟ್ಯಾಂಕ್ ತೆಗೆಯುತ್ತಾರೆ. ಎದುರುಮನೆಯ ಜನ ಏನಂದುಕೊಂಡರೋ, ಬಟ್ಟೆ ಒಣಗಹಾಕುವ ಜಾಗವನ್ನೇ ಬದಲಾಯಿಸಿದರು!

"ಅಲ್ಲಾರೀ, ನಾವು ಹೋಗ್ತಿರೋದೇ ಹತ್ತಿರದಿಂದ ನೋಡೋಕೆ. ದೂರದ್ದು ಯಾಕೆ ನಿಮಗೆ? ಬೇಕಾದ್ರೆ ನಾಲ್ಕು ಹೆಜ್ಜೆ ಮುಂದೆ ಹೋದ್ರಾಯ್ತು," ಎಂದೆ ಒಂದು ದಿನ.

ಇವರು ಕನ್ನಡಕ ತೆಗೆದು ಒರೆಸಿದರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ನಾನು ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದೆ, ಉಕ್ಕಿದ ವಾಸನೆಗೆ ಓಡಿ ಬರುತ್ತಿದ್ದೆ. ವಾಕಿಂಗಿಗೆ ಹೊರಟವಳು ದಾರಿಯಲ್ಲೇ ತಿರುಗಿ ಬಂದು, "ಏನಾಯ್ತು?" ಎಂದು ಕೇಳುತ್ತಿದ್ದೆ. "ನೋಡ್ತಿದೀನಿ," ಎನ್ನುತ್ತಿದ್ದರು. ನನ್ನ ಮನಸ್ಸು ಆಗಲೇ ಆ ಮೆಟ್ಟಿಲುಗಳನ್ನು ಹತ್ತಿ ಇಳಿದು ಮತ್ತೆ ಹತ್ತುತ್ತಿತ್ತು, ಇವರು ಇನ್ನೂ ಸಿಂಟೆಕ್ಸ್ ಟ್ಯಾಂಕಿನ ಮೂಲೆಯಲ್ಲಿದ್ದರು. ಒಂದು ದಿನವಂತೂ ಆ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟುಬಿಡೋಣ ಅನ್ನಿಸಿತು.

ಹೀಗೆ ಎಳೆದಾಡುವಷ್ಟರಲ್ಲಿ ಅಮಾವಾಸ್ಯೆ ಬಂತು. ಆಷಾಢ ಶುರುವಾಯಿತು.

"ಆಷಾಢದಲ್ಲಿ ಹೊಸ ಸಾಮಾನು ತರೋದು ಹೇಗೆ? ಶ್ರಾವಣ ಬರ್ಲಿ," ಎಂದರು ಇವರು, ಏನೋ ದೊಡ್ಡ ಭಾರ ಇಳಿದವರಂತೆ.

ನನಗೆ ಉರಿದುಹೋಯಿತು. "ಶ್ರಾವಣದಲ್ಲಿ ಗುಂಪು ಹೋಗಿ ವಾಪಸ್ ಬಂದಿರುತ್ತೆ! ನಿಮ್ಮ ಲೆನ್ಸಿಗೆ ಆರತಿ ಎತ್ತಿ ಷೋಕೇಸಲ್ಲಿಡ್ಲಾ?"

ಅದೇ ಮಧ್ಯಾಹ್ನ ಕಮಲಾ ಫೋನ್ ಮಾಡಿದಳು. "ಜಯಾ, ನಾಳೆ ಸಂಜೆಯೊಳಗೆ ಹೆಸ್ರು ಹೇಳ್ಬಿಡೇ. ನನ್ನ ನಾದಿನಿ, ಅವಳ ಗಂಡ ಕಾಯ್ತಾ ಕೂತಿದಾರೆ. ಆಮೇಲೆ ನನ್ನ ಬೈಕೋಬೇಡ."

ಫೋನ್ ಇಟ್ಟು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಅಲೆದೆ. ಅಲೆಯುತ್ತಲೇ ಹೊಳೆಯಿತು. ಆಷಾಢದಲ್ಲಿ ಹೊಸದು ಕೊಳ್ಳಬಾರದು, ಸರಿ. ಬಾಡಿಗೆಗೆ ತರಬಾರದು ಎಂದು ಎಲ್ಲಿದೆ? ಬಿಟಿಎಂ ಲೇಔಟಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವ ಅಂಗಡಿಯ ಬೋರ್ಡನ್ನು ನಾನೇ ಬಸ್ಸಿನಿಂದ ನೋಡಿದ್ದೆ. ಇವರಿಗೆ ಅಂಗಿ ಬದಲಾಯಿಸಲೂ ಬಿಡದೆ ಆಟೋ ಹತ್ತಿಸಿದೆ.

ಅಂಗಡಿ ಒಂದು ಮೆಸ್ಸಿನ ಪಕ್ಕದಲ್ಲಿತ್ತು, ಒಗ್ಗರಣೆ ಘಾಟು ಒಳಗೇ ಬರುತ್ತಿತ್ತು. ಮಾಲೀಕ ಸಿದ್ದರಾಜು ನಲವತ್ತರ ಆಸುಪಾಸಿನವನು, ಮಾತುಗಾರ. ಎರಡೂ ಲೆನ್ಸುಗಳನ್ನು ಬಟ್ಟೆಯ ಮೇಲಿಟ್ಟ.

"ಸಾರ್, ಎಲ್ಲಾ ಕೆಲ್ಸಕ್ಕೂ ಒಂದೇ ಲೆನ್ಸು ಅಂದ್ರೆ ಎಲ್ಲದ್ರಲ್ಲೂ ಸ್ವಲ್ಪ ಸ್ವಲ್ಪ ಕಾಂಪ್ರಮೈಸ್ ಇದ್ದೇ ಇರುತ್ತೆ. ನಿಮಗೇನು ಮುಖ್ಯ ಹೇಳಿ. ಬಿಲ್ಡಿಂಗಾ? ಪಕ್ಷಿನಾ? ಜನಾನಾ?"

ಇವರು ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು. "ಒಬ್ರು ಎತ್ತರಕ್ಕೆ ಮೆಟ್ಟಿಲು ಹತ್ತಾ ಇರ್ತಾರೆ ಅಂತಿಟ್ಕೊಳ್ಳಿ. ಕೆಳಗೆ ಕೂತು ತೆಗೆದ್ರೆ ಅವರ ಮುಖ ಸಿಗುತ್ತಾ?"

"ಇನ್ನೂರರಲ್ಲಿ ಆಳು ಸಿಗ್ತಾರೆ ಸಾರ್. ಮುಖ ಬೇಕು ಅಂದ್ರೆ ನಾನೂರೇ."

"ಯಾರ ಮುಖಾರೀ ಅದು, ಅಷ್ಟು ಕದ್ದು ತೆಗಿಯೋಂಥದ್ದು?" ಎಂದು ನಾನು ಕಿಚಾಯಿಸಿದೆ. ಸಿದ್ದರಾಜು ನಕ್ಕ. ಇವರು ನಗಲಿಲ್ಲ. ಒಂದು ದಿನದ ಮಟ್ಟಿಗೆ ನಾನೂರರದನ್ನು ತೆಗೆದುಕೊಂಡು ಹೊರಟೆವು.

ಮಾರನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ, ಪರೀಕ್ಷೆ ಮಾಡೋಣವೆಂದು ರಾಗಿಗುಡ್ಡದ ಆಂಜನೇಯನ ದೇವಸ್ಥಾನಕ್ಕೆ ಹೋದೆವು. ಜಾಗ ಆರಿಸಿದ್ದು ಇವರೇ. ಶನಿವಾರವಲ್ಲವಾದ್ದರಿಂದ ಜನ ಕಡಿಮೆ. ಗುಡ್ಡದ ಕೆಳಗೆ ಮರದ ನೆರಳಿನಲ್ಲಿ ಒಂದು ಕಲ್ಲುಬೆಂಚು ಹಿಡಿದು ಇವರು ಕೂತುಬಿಟ್ಟರು.

"ನೀನು ಹತ್ತು ಜಯಾ. ಮೇಲೆ ಹೋಗಿ ತಿರುಗಿ ನಿಂತ್ಕೋ."

"ನೀವೂ ಬನ್ನಿ. ಆಂಜನೇಯನಿಗೆ ಒಂದು ಕೈ ಮುಗಿದು, ಅಲ್ಲಿಂದ ಕೆಳಗಡೆಯದ್ದು ತೆಗೀರಂತೆ."

"ಬೇಡ. ಇಲ್ಲೇ ಸರಿ ಇದೆ."

ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು. ಎದ್ದೇಳ್ರೀ ಎಂದು ಕೈ ಹಿಡಿದು ಎಳೆದೆ. ಬಂದರು. ನಾನು ಬೈಯುತ್ತಲೇ ಮೆಟ್ಟಿಲು ಹತ್ತುತ್ತಿದ್ದೆ: ಛತ್ರಿ, ಸಿಂಟೆಕ್ಸ್ ಟ್ಯಾಂಕು, ಆಷಾಢ, ಒಂದನ್ನೂ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಬೈಗುಳಕ್ಕೆ ಹೂಂ ಎನ್ನುವವರೂ ಇಲ್ಲವಲ್ಲ ಎಂದು ಹಿಂತಿರುಗಿದೆ. ಇವರು ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಎದೆಯ ಮೇಲೆ. ಹಣೆಯಲ್ಲಿ ಬೆವರು. ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ನಾವು ಹತ್ತಿದ್ದು ಕಾಲು ಭಾಗವೂ ಅಲ್ಲ.

ಓಡಿ ಇಳಿದು ಪಕ್ಕದಲ್ಲಿ ಕೂತು, ಸೆರಗಿನಿಂದ ಗಾಳಿ ಹಾಕಿದೆ, ನೀರು ಕುಡಿಸಿದೆ. ಉಸಿರು ಹತೋಟಿಗೆ ಬಂದ ಮೇಲೆ ಇವರು ಹೇಳಿದರು.

"ಡಾಕ್ಟರ್ ಹತ್ರ ಹೋಗಿದ್ದೆ. ಬ್ಯಾಂಕಿಗೆ ಹೋಗ್ಬರ್ತೀನಿ ಅಂದಿದ್ನಲ್ಲ, ಆವತ್ತು. ಹಾರ್ಟ್ ಪಂಪಿಂಗ್ ಸ್ವಲ್ಪ ಕಮ್ಮಿ ಇದೆಯಂತೆ. ಮಾತ್ರೆ ತಗೋತಿದೀನಿ. ಗಾಬರಿ ಏನಿಲ್ಲ. ವಿಮಾನ ಹತ್ಬಹುದು, ಓಡಾಡ್ಬಹುದು. ಮೆಟ್ಟಿಲು ಮಾತ್ರ ಬೇಡ ಅಂದ್ರು."

"ನನಗೆ ಹೇಳೋಕೇನಾಗಿತ್ತು ನಿಮಗೆ? ನಾನೇನು ದಾರಿಹೋಕಳಾ?" ಎಂದೆ.

"ಹೇಳಿದ್ರೆ ನೀನು ಕಮಲಾಗೆ ಫೋನ್ ಮಾಡಿ ಬೇಡ ಅಂತಿದ್ದೆ."

"ಇಲ್ಲ," ಎಂದೆ.

"ನಿನ್ನ ಕೈ ನೋಡ್ಕೋ."

ನೋಡಿದೆ. ನನ್ನ ಕೈ ಯಾವಾಗ ಬ್ಯಾಗಿನೊಳಗೆ ಹೋಗಿತ್ತೋ, ಫೋನ್ ಆಗಲೇ ಹೊರಗೆ ಬಂದಿತ್ತು. ಕಮಲಾಳ ಹೆಸರೂ ಪರದೆಯ ಮೇಲಿತ್ತು.

"ನಮ್ಮಮ್ಮ ಬಿದ್ದಾಗ ಬಿಟ್ಟೆ, ಇಂಚರಳಿಗೆ ಬಿಟ್ಟೆ, ನನ್ನ ಕಣ್ಣಿಗೆ ಬಿಟ್ಟೆ," ಎಂದರು ಇವರು. "ಇನ್ನು ನನ್ನ ಹಾರ್ಟಿಗೂ ಬಿಟ್ಟೆ ಅಂದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಕಣೇ. ನೀನು ಹತ್ತು. ನಾನು ಕೆಳಗೆ ಕೂತಿರ್ತೀನಿ. ಆದ್ರೆ ನಿನ್ನನ್ನ ಅಷ್ಟೆತ್ತರಕ್ಕೆ ಕಳಿಸಿ, ನಾನು ಸುಮ್ನೆ ಆ ಕಲ್ಲು ನೋಡ್ಕೊಂಡು ಕೂರೋದು ಹೇಗೆ? ಮೇಲೆ ಹೋದಾಗ ನಿನ್ನ ಮುಖ ಹೆಂಗಿರುತ್ತೆ ಅಂತ ನಾನು ನೋಡ್ಬೇಡ್ವಾ? ಯಾವ ಲೆನ್ಸಲ್ಲಿ ಕಾಣುತ್ತೆ ಅಂತ ಗೊತ್ತಾಗದೇನೇ ಹೆಸ್ರು ಕೊಡು ಅನ್ನೋಕೆ ಧೈರ್ಯ ಬರ್ಲಿಲ್ಲ."

ಮನೆಯಲ್ಲಿ ದಿನಾ ಅದೇ ಜಪ ಮಾಡಿದ ಮನುಷ್ಯ ಈ ಒಂದು ಮಾತನ್ನು ಹೇಳಿರಲಿಲ್ಲ. ನಾನು ಅವರ ಎದುರು ಅಳಬಾರದೆಂದು ಎದ್ದೆ. "ಹೋಗಿ ಬೆಂಚಲ್ಲಿ ಕೂತ್ಕೊಳ್ಳಿ. ನಿಧಾನ," ಎಂದೆ. ಅವರು ಒಂದೊಂದೇ ಮೆಟ್ಟಿಲು ಇಳಿದು ಕೂತದ್ದನ್ನು ನೋಡಿದೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರಿಗೆ ಬೆನ್ನು ಮಾಡಿ ಹತ್ತತೊಡಗಿದೆ. ಕಣ್ಣೀರು ಧಾರಾಕಾರ. ಪ್ರಸಾದದ ದೊನ್ನೆ ಹಿಡಿದು ಇಳಿಯುತ್ತಿದ್ದ ಒಬ್ಬ ಅಜ್ಜಿ, "ಯಾಕಮ್ಮಾ, ಕಾಲು ನೋವಾ?" ಎಂದು ಕೇಳಿದರು. ಹೂಂ ಎಂದೆ. ಮಂಡಿ ಚೂರೂ ನೋಯುತ್ತಿರಲಿಲ್ಲ, ಅದಕ್ಕೇ ಇನ್ನೂ ಅಳು ಬರುತ್ತಿತ್ತು.

ತುದಿ ಮುಟ್ಟಿದೆ. ಕೆಳಗೆ ಮರಗಳು, ಅಪಾರ್ಟ್‌ಮೆಂಟುಗಳು, ರಸ್ತೆಯ ಹಾರ್ನು. ಇಷ್ಟು ಪುಟ್ಟ ಗುಡ್ಡದಿಂದಲೇ ಇವರು ನನಗೆ ಕಾಣದಂತಾಗಿದ್ದರು. ಎಲೆಗಳ ನಡುವೆ ಎಲ್ಲೋ ಒಂದು ತಿಳಿನೀಲಿ ಅಂಗಿ, ಅಷ್ಟೇ. ಅಲ್ಲಿ ಸಿಗಿರಿಯದ ಬಂಡೆಯ ಮೇಲಿಂದ ಅಷ್ಟೂ ಕಾಣುವುದಿಲ್ಲ ಎನ್ನಿಸಿತು. ಮತ್ತೆ ಬೆನ್ನು ತಿರುಗಿಸಿ ನಿಂತೆ. ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು.

"ಜಯಾ, ತಿರುಗು."

"ತಿರುಗಲ್ಲ."

"ಬೆನ್ನಿನ ಫೋಟೋ ತೆಗೆದು ಏನು ಮಾಡ್ಲೇ? ತಿರುಗೇ."

ತಿರುಗಿದೆ. ಮುಖ ಒರೆಸಿಕೊಳ್ಳಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಆ ತಿಳಿನೀಲಿಯ ಕಡೆಗೇ ನೋಡಿದೆ. ಫೋನಿನಲ್ಲಿ ಕ್ಯಾಮೆರಾದ ಕ್ಲಿಕ್ ಕ್ಲಿಕ್ ಸದ್ದು ಕೇಳಿಸಿತು.

"ಸಿಕ್ತಾ?" ಎಂದೆ.

"ಸಿಕ್ತು. ಅಳ್ತಿದೀಯೇನೇ?"

"ಅದೂ ಕಾಣುತ್ತೇನ್ರೀ ಅಲ್ಲಿಂದ?"

"ಕಾಣುತ್ತೆ."

"ಹಾಗಾದ್ರೆ ಇದೇ ಲೆನ್ಸ್ ಇರ್ಲಿ," ಎಂದೆ. "ಈಗ ಫೋನ್ ಇಡಿ. ಕಮಲಾಗೆ ನಮ್ಮಿಬ್ಬರ ಹೆಸ್ರು ಹೇಳ್ಬೇಕು."